ಅಕ್ಕಪಕ್ಕದ ಗ್ರಾಮ ಪಂಚಾಯಿತಿಗಳು ಸೇರಿ ಒಣ ಕಸದ ಘಟಕ ನಡೆಸುವುದು ಹೇಗೆ?

ಪ್ರಶ್ನೆ: ಒಕ್ಕೂಟದ ಸದಸ್ಯೆ, ತುಮಕೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಮ್ಮ ಗ್ರಾಮ ಪಂಚಾಯಿತಿಯ ಕಸ ಬೇರ್ಪಡಿಸುವ ಘಟಕವಾದ ಸ್ವಚ್ಛ ಸಂಕೀರ್ಣವನ್ನು ನಡೆಸುವ ಹೊಣೆ ನಮ್ಮ ಸಂಜೀವಿನಿ ಮಹಿಳಾ ಒಕ್ಕೂಟದ ಮೇಲಿದೆ. ಪಂಚಾಯಿತಿಗೂ ಒಕ್ಕೂಟಕ್ಕೂ ಒಡಂಬಡಿಕೆಯಾಗಿದ್ದು, ಕಸದ ವಾಹನವಾದ ಸ್ವಚ್ಛ ವಾಹಿನಿ ಓಡಿಸುವವರೂ ಕಸ ಬೇರ್ಪಡಿಸುವವರೂ ನಮ್ಮ ಸಂಘಗಳ ಹೆಣ್ಣುಮಕ್ಕಳೇ ಆಗಿದ್ದಾರೆ. ಮನೆಮನೆಯಿಂದ ಒಣ ಕಸ ತರುವ ಕೆಲಸ ಒಂದು ಹದಕ್ಕೆ ಬಂದಿದೆ. ತೊಡಕಿರುವುದು ಅದರ ಮುಂದಿನ ಹಂತದಲ್ಲಿ.

ರಟ್ಟು, ಕಬ್ಬಿಣ, ನೀರಿನ ಬಾಟಲಿಗಳನ್ನು ಗುಜರಿಯವರು ಕೊಳ್ಳುತ್ತಾರೆ. ಆದರೆ ಒಂದು ಪಂಚಾಯಿತಿಯಲ್ಲಿ ಸೇರುವ ಮಾಲು ಲಾರಿಯ ಒಂದು ಲೋಡಿಗೂ ಸಾಲದಿರುವುದರಿಂದ ಅವರು ತಮಗೆ ಬಿಡುವಾದಾಗ ಬಂದು, ತಾವು ಹೇಳಿದ ದರಕ್ಕೆ ಒಯ್ಯುತ್ತಾರೆ. ಚಿಪ್ಸ್ ಮತ್ತು ಗುಟ್ಕಾ ಪೊಟ್ಟಣ, ಹರಿದ ಚಪ್ಪಲಿ, ಹಳೆಯ ಬಟ್ಟೆ ಯಾರಿಗೂ ಬೇಡವಾಗಿದ್ದು, ಅವು ಘಟಕದ ಮೂಲೆಯಲ್ಲಿ ರಾಶಿಯಾಗುತ್ತಿವೆ. ನಮ್ಮ ಸುತ್ತಲಿನ ಮೂರು ಪಂಚಾಯಿತಿಗಳಲ್ಲಿಯೂ ಪರಿಸ್ಥಿತಿ ಹೀಗೆಯೇ ಇದೆ. ನಾಲ್ಕೂ ಪಂಚಾಯಿತಿಗಳು ಸೇರಿ ಒಂದೆಡೆ ಮಾಲು ಕೂಡಿಸಿದರೆ ಒಳ್ಳೆಯ ದರಕ್ಕೆ ಮಾರಬಹುದು ಎಂಬ ಮಾತು ನಮ್ಮಲ್ಲಿ ನಡೆದಿದೆ.

ನನ್ನ ಪ್ರಶ್ನೆಗಳು ಇವು. ಖರ್ಚನ್ನು ಪಂಚಾಯಿತಿಗಳು ಯಾವ ಆಧಾರದ ಮೇಲೆ ಹಂಚಿಕೊಳ್ಳಬೇಕು? ಘಟಕ ಇರುವ ಊರಿನವರು "ಬೇರೆಯವರ ಕಸ ನಮ್ಮ ಊರಿಗೇಕೆ" ಎಂದರೆ ಏನೆಂದು ಉತ್ತರಿಸಬೇಕು? ಬೆಂಗಳೂರಿನ ಕಸ ಹೊತ್ತ ಮಂಡೂರಿನ ಜನ ಎಷ್ಟು ನೊಂದು, ಹೋರಾಡಿ, 2014ರ ಕೊನೆಗೆ ಅದನ್ನು ನಿಲ್ಲಿಸಿದರೆಂಬುದು ನಮ್ಮ ಕಡೆಯವರಿಗೂ ಗೊತ್ತಿರುವುದರಿಂದ ಆ ಪ್ರಶ್ನೆ ಬಂದೇ ಬರುತ್ತದೆ. ಕೊನೆಯದಾಗಿ, ಅಧ್ಯಯನ ಪ್ರವಾಸಗಳಲ್ಲಿ ನಾವು ನೋಡುವುದು ಚೆನ್ನಾಗಿ ಒಪ್ಪಮಾಡಿದ ಘಟಕವನ್ನು ಮಾತ್ರ. ಒಂದು ಪಂಚಾಯಿತಿಯ ಅನುಭವ ಇನ್ನೊಂದಕ್ಕೆ ನಿಜವಾಗಿ ದಾಟುವಂತೆ ಮಾಡಲು ಬೇರೆ ಯಾವ ಕ್ರಮವಿದೆ?

ಉತ್ತರ 1: ನಿವೃತ್ತ ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ), ಉಡುಪಿ ಜಿಲ್ಲೆ

ಸಹೋದರಿಯವರಿಗೆ ನಮಸ್ಕಾರ. ಮೊದಲಿಗೆ ಒಂದು ಮಾತು: ನೀವು ಯೋಚಿಸುತ್ತಿರುವುದು ನಿಯಮಗಳ ಹೊರಗಿನ ಸಾಹಸವೇನೂ ಅಲ್ಲ. ಸ್ವಚ್ಛ ಭಾರತ್ ಮಿಷನ್ ಗ್ರಾಮೀಣ ಎರಡನೇ ಹಂತದ ಮಾರ್ಗಸೂಚಿಯಲ್ಲಿ ಐದು ಸಾವಿರದವರೆಗೆ ಜನಸಂಖ್ಯೆಯಿರುವ ಗ್ರಾಮಗಳ ಘನತ್ಯಾಜ್ಯ ನಿರ್ವಹಣೆಗೆ ತಲಾ 60 ರೂಪಾಯಿ ಎಂದು ಲೆಕ್ಕ ಹಾಕಲಾಗಿದೆ. ಅಂದರೆ ಐದು ಸಾವಿರ ಜನರ ಗ್ರಾಮಕ್ಕೆ 3 ಲಕ್ಷ ರೂಪಾಯಿ. ಅದೇ ಮಾರ್ಗಸೂಚಿಯು ಪ್ಲಾಸ್ಟಿಕ್ ತ್ಯಾಜ್ಯ ಘಟಕಕ್ಕೆ ಪ್ರತಿ ಬ್ಲಾಕಿಗೆ, ನಮ್ಮ ಲೆಕ್ಕದಲ್ಲಿ ತಾಲ್ಲೂಕಿಗೆ, 16 ಲಕ್ಷ ರೂಪಾಯಿಯವರೆಗೆ ಅವಕಾಶ ಕೊಟ್ಟಿದೆ. ಸಂಗ್ರಹಣೆ ಆಯಾ ಪಂಚಾಯತಿಯ ಕೆಲಸ, ಪ್ಲಾಸ್ಟಿಕ್ಕಿನ ಮುಂದಿನ ಸಂಸ್ಕರಣೆ ಹಲವರು ಸೇರಿ ಮಾಡಬೇಕಾದ ಕೆಲಸ ಎಂಬ ತಿಳಿವಳಿಕೆ ಯೋಜನೆಯ ಒಳಗೇ ಇದೆ.

ನಮ್ಮ ಜಿಲ್ಲೆಯಲ್ಲಿ ಇದು ಬೆಳೆದು ಬಂದ ರೀತಿ ನಿಮಗೆ ಉಪಯೋಗಕ್ಕೆ ಬರಬಹುದು. ದೊಡ್ಡ ಘಟಕ ಬರುವುದಕ್ಕೆ ಮೊದಲೇ ಕುಂದಾಪುರದ ಕಡೆಯ ವಂಡ್ಸೆ ಗ್ರಾಮ ಪಂಚಾಯತಿ ಘನ ಮತ್ತು ದ್ರವ ಸಂಪನ್ಮೂಲ ನಿರ್ವಹಣೆಯನ್ನು, ಅಂದರೆ ಕಸವನ್ನೇ ಸಂಪನ್ಮೂಲವೆಂದು ಕಂಡು ನಿರ್ವಹಿಸುವುದನ್ನು, ಮಾಡಿ ತೋರಿಸಿತ್ತು, ಮತ್ತು ಅದನ್ನು ನೋಡಿ ಉಳಿದವರು ಕಲಿತರು. ಹೀಗೆ ಹಲವು ಪಂಚಾಯತಿಗಳಲ್ಲಿ ಒಣ ಕಸ ಬೇರೆಯಾಗಿ ಬರತೊಡಗಿದಾಗ, ನೀವು ಹೇಳುವ ತೊಡಕೇ, ಅಂದರೆ ಮಾಲು ಕಡಿಮೆ ಮತ್ತು ಕೊಳ್ಳುವವರು ಇಲ್ಲ ಎಂಬುದು, ಎಲ್ಲ ಕಡೆಯೂ ಎದುರಾಯಿತು. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಸಾಮರ್ಥ್ಯದ ಎಂಆರ್‌ಎಫ್ ಘಟಕ, ಅಂದರೆ ಮರುಬಳಕೆಯ ಮಾಲನ್ನು ವಿಂಗಡಿಸುವ ಯಂತ್ರಘಟಕ, ಬಂದದ್ದು ಆ ಹಿನ್ನೆಲೆಯಲ್ಲಿ. ಹತ್ತಾರು ಪಂಚಾಯತಿಗಳ ಒಣ ಕಸವನ್ನು ಅಲ್ಲಿ ಬೆಲ್ಟಿನ ಮೇಲೆ ಹರಿಸಿ, ಬಗೆಬಗೆಯಾಗಿ ವಿಂಗಡಿಸಿ, ಒತ್ತಿ ಬೇಲ್ ಕಟ್ಟಿ ಕಳುಹಿಸುತ್ತಾರೆ. ಪಂಚಾಯತಿಗಳು ಮೊದಲು ತಮ್ಮ ಮಟ್ಟದಲ್ಲಿ ಕೆಲಸ ಕಲಿತವು, ಯಂತ್ರ ಆಮೇಲೆ ಬಂತು ಎಂಬ ಈ ಅನುಕ್ರಮವನ್ನು ದಯವಿಟ್ಟು ಗಮನಿಸಿ. ಜನರಿಗೆ ಹಸಿ ಕಸ, ಒಣ ಕಸ ಬೇರೆ ಮಾಡುವ ಅಭ್ಯಾಸವೇ ಆಗದ ಕಡೆ ಯಂತ್ರ ತಂದರೆ ಅದರ ಹಲ್ಲಿಗೆ ಸಿಗುವುದು ಕೊಳೆತ ಅನ್ನ ಮತ್ತು ಡೈಪರ್ ಮಾತ್ರ.

ಮಂಡೂರಿನ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಮಂಡೂರಿಗೆ ಹೋದದ್ದು ಬೇರ್ಪಡಿಸದ ಕಸ. ಒಂದು ಮಹಾನಗರವು ತನ್ನ ಹೊರೆಯನ್ನು ಹಳ್ಳಿಯ ಮೇಲೆ ಇಳಿಸಿದ್ದಕ್ಕೆ ಸಹಕಾರವೆಂಬ ಹೆಸರು ಒಪ್ಪುವುದಿಲ್ಲ. ನಿಮ್ಮ ಘಟಕಕ್ಕೆ ಬರಬೇಕಾದದ್ದು ಒಣಗಿದ, ವಾಸನೆಯಿಲ್ಲದ ಮಾಲು. ಆ ಭರವಸೆಯನ್ನು ಬಾಯಿಮಾತಿನಲ್ಲಿ ಕೊಟ್ಟರೆ ಊರಿನವರು ನಂಬಬೇಕಾಗಿಲ್ಲ. ಹಸಿ ಕಸ ಬೆರೆತ ವಾಹನವನ್ನು ಗೇಟಿನಲ್ಲಿಯೇ ಹಿಂದಕ್ಕೆ ಕಳುಹಿಸುವ ಅಧಿಕಾರ ಘಟಕವಿರುವ ಪಂಚಾಯತಿಗೆ ಇರುತ್ತದೆ, ಹಿಂದಿರುಗಿದ ಟ್ರಿಪ್ಪಿನ ಬಾಡಿಗೆಯನ್ನು ಕಳುಹಿಸಿದವರೇ ಭರಿಸುತ್ತಾರೆ ಎಂದು ಒಡಂಬಡಿಕೆಯಲ್ಲಿ ಬರೆದು, ಆ ಪುಟವನ್ನು ಗ್ರಾಮ ಸಭೆಯಲ್ಲಿ ಓದಿ ಹೇಳಿ. ಘಟಕದ ಕೆಲಸದಲ್ಲಿ ಆ ಊರಿನ ಹೆಣ್ಣುಮಕ್ಕಳಿಗೆ ಮೊದಲ ಆದ್ಯತೆ ಇರಲಿ.

ಹಣದ ವಿಷಯದಲ್ಲಿ, ನಾಲ್ವರದೂ ಸೇರಿ ಹೊಸ ಖಾತೆ ತೆರೆಯುವ ಬದಲು ಒಂದು ಪಂಚಾಯತಿ ಮುಂದಾಳಾಗಿ ಖರ್ಚು ಮಾಡಿ, ಉಳಿದವು ತಮ್ಮ ಪಾಲನ್ನು ಬಿಲ್ಲಿನ ಮೇಲೆ ಸಂದಾಯ ಮಾಡುವುದು ಲೆಕ್ಕಪರಿಶೋಧನೆಯ ದೃಷ್ಟಿಯಿಂದ ಸುಲಭ. ಇದಕ್ಕೆ ನಾಲ್ಕೂ ಸಾಮಾನ್ಯ ಸಭೆಗಳ ನಿರ್ಣಯ ಬೇಕು, ಮತ್ತು ಪ್ರತಿಯೊಂದರ ಕ್ರಿಯಾ ಯೋಜನೆಯಲ್ಲಿ ಆ ಮೊತ್ತ ಸೇರಿರಬೇಕು. ಒಡಂಬಡಿಕೆಗೆ ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಹಣಾಧಿಕಾರಿಗಳನ್ನು ಸಾಕ್ಷಿಯಾಗಿಸಿಕೊಂಡರೆ ಮುಂದೆ ವ್ಯಾಜ್ಯ ಬಂದಾಗ ಕೂತು ಮಾತನಾಡಲು ಒಂದು ಜಾಗವಿರುತ್ತದೆ. ಪಾಲು ಹಂಚಿಕೆ ತೂಕದ ಮೇಲೆ ಆಗಲಿ. ಘಟಕದಲ್ಲಿ ಒಂದು ತೂಕದ ಯಂತ್ರ, ಕಳುಹಿಸುವ ಪಂಚಾಯತಿಯಲ್ಲಿ ಇನ್ನೊಂದು, ಎರಡೂ ಕಡೆ ಸಹಿಯಿರುವ ಚೀಟಿ. ಇಷ್ಟಿದ್ದರೆ ಜಗಳದ ಬಹುಪಾಲು ಹುಟ್ಟುವುದೇ ಇಲ್ಲ.

ಉತ್ತರ 2: ಕಾಸರಗೋಡಿನ ಕನ್ನಡಿಗ

ಮೇಲಿನ ಹಿರಿಯರ ಮಾತುಗಳಲ್ಲಿ ಬಹುತೇಕ ಎಲ್ಲವನ್ನೂ ಒಪ್ಪುತ್ತೇನೆ, ತೂಕದ ಮೇಲೆ ಖರ್ಚು ಹಂಚುವ ಸಲಹೆಯೊಂದನ್ನು ಬಿಟ್ಟು. ತೂಕಕ್ಕೆ ತಕ್ಕಂತೆ ಹಣ ಕೊಡಬೇಕಾದರೆ, ಪ್ರತಿ ಮನೆಯಿಂದ ಶ್ರದ್ಧೆಯಿಂದ ಕಸ ತರುವ ಪಂಚಾಯಿತಿ ಹೆಚ್ಚು ತೆರುತ್ತದೆ, ರಸ್ತೆ ಬದಿಯಲ್ಲಿ ಸುಡಲು ಬಿಡುವ ಪಂಚಾಯಿತಿ ಕಡಿಮೆ ತೆರುತ್ತದೆ. ಎರಡನೇ ವರ್ಷದ ಹೊತ್ತಿಗೆ ಎಲ್ಲರೂ ಕಡಿಮೆ ತರಲು ಕಲಿಯುತ್ತಾರೆ. ಘಟಕದ ಸ್ಥಿರ ಖರ್ಚನ್ನು ಮನೆಗಳ ಸಂಖ್ಯೆಯ ಮೇಲೆ, ಸಾಗಣೆಯನ್ನು ಟ್ರಿಪ್ಪಿನ ಮೇಲೆ ಹಂಚಿ, ಮಾರಾಟದಿಂದ ಬಂದ ಹಣವನ್ನು ಮಾತ್ರ ತೂಕದ ಮೇಲೆ ಹಂಚಿ. ಆಗ ಹೆಚ್ಚು ತಂದವರಿಗೆ ಲಾಭವಾಗುತ್ತದೆ.

ನಮ್ಮ ಕೇರಳದಲ್ಲಿ ಮನೆಮನೆಗೆ ಬರುವವರು ಹರಿತ ಕರ್ಮ ಸೇನೆಯ ಮಹಿಳೆಯರು. ಹಳ್ಳಿಯಲ್ಲಿ ಮನೆಯೊಂದಕ್ಕೆ ತಿಂಗಳಿಗೆ 50 ರೂಪಾಯಿ ಬಳಕೆದಾರರ ಶುಲ್ಕವಿದೆ. ಪಂಚಾಯಿತಿ ಮಟ್ಟದಲ್ಲಿ ಸಂಗ್ರಹ ಕೇಂದ್ರ, ಬ್ಲಾಕ್ ಮಟ್ಟದಲ್ಲಿ ಸಂಸ್ಕರಣ ಕೇಂದ್ರ, ಅಲ್ಲಿಂದ ಮುಂದಕ್ಕೆ ಒಯ್ಯಲು ಸರಕಾರಿ ಒಡೆತನದ ಕ್ಲೀನ್ ಕೇರಳ ಕಂಪನಿ. ಸಣ್ಣ ಪಂಚಾಯಿತಿಗೆ ಗುಜರಿ ವ್ಯಾಪಾರಿಯ ಮುಂದೆ ಚೌಕಾಸಿ ಮಾಡುವ ಬಲ ಇರುವುದಿಲ್ಲ. ಆ ಬಲ ಕೂಡಿಬರುವುದು ಮಾರಾಟವನ್ನು ಒಂದಾಗಿ ಮಾಡಿದಾಗ. ನೀವು ನಾಲ್ಕು ಪಂಚಾಯಿತಿಗಳು ಕಟ್ಟಡವನ್ನು ಹಂಚಿಕೊಳ್ಳುವ ಮೊದಲೇ ಮಾರಾಟವನ್ನು ಹಂಚಿಕೊಳ್ಳಬಹುದು: ಒಂದೇ ದಿನ, ಒಂದೇ ಲಾರಿ ನಾಲ್ಕೂ ಘಟಕಗಳನ್ನು ಸುತ್ತಿ ಹೋಗುವಂತೆ ಒಬ್ಬ ವ್ಯಾಪಾರಿಯೊಂದಿಗೆ ದರ ಗೊತ್ತುಮಾಡಿಕೊಳ್ಳಿ. ಇದಕ್ಕೆ ಜಾಗವೂ ಬೇಡ, ಹೊಸ ಶೆಡ್ಡೂ ಬೇಡ.

ನೆರೆಯವರ ಮೇಲೆ ಪೂರ್ತಿ ಅವಲಂಬಿಸಿದರೆ ಏನಾಗುತ್ತದೆ ಎಂಬುದನ್ನೂ ನಾವು ಕಂಡಿದ್ದೇವೆ. ಕೊಚ್ಚಿಯ ಬ್ರಹ್ಮಪುರಂ ಘಟಕಕ್ಕೆ ಆ ನಗರದ್ದಷ್ಟೇ ಅಲ್ಲದೆ ಸುತ್ತಲಿನ ನಗರಸಭೆಗಳ ಕಸವೂ ಹೋಗುತ್ತಿತ್ತು. 2023ರ ಮಾರ್ಚಿನಲ್ಲಿ ಅಲ್ಲಿ ಬೆಂಕಿ ಹೊತ್ತಿ ಹತ್ತು ದಿನಗಳಿಗೂ ಮೀರಿ ಹೊಗೆಯಾಡಿದಾಗ, ಸ್ವಂತ ವ್ಯವಸ್ಥೆಯನ್ನೇ ಬೆಳೆಸಿಕೊಳ್ಳದಿದ್ದ ಆ ನೆರೆಯ ಸಂಸ್ಥೆಗಳೂ ಸಂಕಟಕ್ಕೆ ಸಿಕ್ಕಿದವು. ಆದ್ದರಿಂದ ಕೆಲವು ವಾರಗಳ ಮಾಲನ್ನು ಒಣಗಿಸಿ ಇಟ್ಟುಕೊಳ್ಳುವ ಸ್ಥಳ ಪ್ರತಿ ಪಂಚಾಯಿತಿಯಲ್ಲಿಯೂ ಉಳಿಯಲಿ.

ಉತ್ತರ 3: ಲಂಡನ್ನಿನಲ್ಲಿರುವ ಹಾಸನದವ

ಮೂರನೆಯ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನನ್ನ ಮಟ್ಟಿಗೆ ಈ ಚರ್ಚೆಯ ತಿರುಳೇ ಅದು. ಯಂತ್ರ, ಲಾರಿ, ಶೆಡ್ಡುಗಳನ್ನು ಹಂಚಿಕೊಳ್ಳುವುದಕ್ಕಿಂತ ಕಷ್ಟವಾದದ್ದು ತಮ್ಮ ಕೆಲಸದ ಒಳಗನ್ನು ಸರೀಕರಿಗೆ ತೆರೆದು ತೋರಿಸುವುದು.

ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳ ಒಕ್ಕೂಟವಾದ ಲೋಕಲ್ ಗವರ್ನಮೆಂಟ್ ಅಸೋಸಿಯೇಷನ್ 'ಪಿಯರ್ ಚಾಲೆಂಜ್' ಎಂಬ ಕ್ರಮವನ್ನು ನಡೆಸುತ್ತದೆ. ಬೇರೆ ಬೇರೆ ಕೌನ್ಸಿಲುಗಳ ಚುನಾಯಿತ ಸದಸ್ಯರು ಮತ್ತು ಹಿರಿಯ ಅಧಿಕಾರಿಗಳ ಸಣ್ಣ ತಂಡವೊಂದು ಒಂದು ಕೌನ್ಸಿಲಿಗೆ ಬಂದು ಕೆಲವು ದಿನ ಅಲ್ಲಿಯೇ ಇದ್ದು, ಕಡತ ಓದಿ, ಕೆಳಗಿನ ನೌಕರರಿಂದ ಹಿಡಿದು ಮುಖ್ಯಸ್ಥರವರೆಗೆ ಹಲವರನ್ನು ಮಾತನಾಡಿಸಿ, ಕಂಡದ್ದನ್ನು ಮುಖಾಮುಖಿ ಹೇಳಿ, ವರದಿ ಬರೆದುಕೊಡುತ್ತದೆ. ವರದಿಯನ್ನೂ, ಅದಕ್ಕೆ ತಾನು ಕೈಗೊಳ್ಳುವ ಕ್ರಮಗಳನ್ನೂ ಆ ಕೌನ್ಸಿಲು ಸಾರ್ವಜನಿಕರ ಮುಂದಿಡಬೇಕು. ಪ್ರತಿ ಕೌನ್ಸಿಲು ಐದು ವರ್ಷಕ್ಕೊಮ್ಮೆಯಾದರೂ ಇದಕ್ಕೆ ಒಳಗಾಗಲಿ ಎಂಬುದು ಒಕ್ಕೂಟದ ನಿರೀಕ್ಷೆ. ನಮ್ಮಲ್ಲಿಯ ಜಮಾಬಂದಿಗೂ (ಪಂಚಾಯಿತಿಯ ವಾರ್ಷಿಕ ಲೆಕ್ಕಪತ್ರ ತಪಾಸಣೆ) ಇದಕ್ಕೂ ಇರುವ ಅಂತರ ಸ್ಪಷ್ಟ: ಜಮಾಬಂದಿಗೆ ಮೇಲಿನ ಅಧಿಕಾರಿ ಬರುತ್ತಾರೆ, ಇಲ್ಲಿ ಬರುವವರು ನಾಳೆ ತಮ್ಮ ಕಚೇರಿಯಲ್ಲಿ ಅದೇ ಕೆಲಸ ಮಾಡಬೇಕಾದವರು. ಹಾಗಾಗಿ ಅವರು ಕೇಳುವ ಪ್ರಶ್ನೆಗಳಲ್ಲಿ ಅನುಭವವಿರುತ್ತದೆ, ಮತ್ತು ಉತ್ತರಿಸುವವರಲ್ಲಿ ಭಯ ಕಡಿಮೆಯಿರುತ್ತದೆ.

ಆದರೆ ಇದಕ್ಕೆ ಮಿತಿಯಿದೆ. ನಾರ್ಥಾಂಪ್ಟನ್‌ಶೈರ್ ಕೌಂಟಿ ಕೌನ್ಸಿಲಿನ ಹಣಕಾಸಿನ ಬಗ್ಗೆ 2017ರಲ್ಲಿ ಸರೀಕರ ತಂಡ ಎಚ್ಚರಿಸಿತ್ತು. 2018ರ ಫೆಬ್ರವರಿಯಲ್ಲಿ ಆ ಕೌನ್ಸಿಲು ಕಡ್ಡಾಯ ಸೇವೆಗಳದ್ದನ್ನು ಬಿಟ್ಟು ಉಳಿದ ಹೊಸ ಖರ್ಚನ್ನೆಲ್ಲ ತಡೆಹಿಡಿಯಬೇಕಾಯಿತು, 2021ರಲ್ಲಿ ರದ್ದಾಯಿತು. ಕಾಯಿಲೆ ಬಲಿತ ಮೇಲೆ ಬರುವ ಸಲಹೆಯಿಂದ, ಅದರಲ್ಲಿಯೂ ಪಾಲಿಸಲೇಬೇಕೆಂಬ ಕಟ್ಟುಪಾಡಿಲ್ಲದ ಸಲಹೆಯಿಂದ, ಎಲ್ಲವೂ ಸರಿಹೋಗುವುದಿಲ್ಲ. ಲೆಕ್ಕಪರಿಶೋಧನೆಯ ಜಾಗವನ್ನು ಇದು ತುಂಬಲಾರದು.

ನಿಮ್ಮ ನಾಲ್ಕು ಪಂಚಾಯಿತಿಗಳಿಗೆ ನನ್ನ ಸಲಹೆ ಇಷ್ಟು. ಆರು ತಿಂಗಳಿಗೊಮ್ಮೆ ಒಂದು ಪಂಚಾಯಿತಿಯ ಅಧ್ಯಕ್ಷರು, ಇನ್ನೊಂದರ ಪಿಡಿಒ, ಮತ್ತೊಂದರ ವಾಹನ ಚಾಲಕಿ ಸೇರಿದ ತಂಡ ನಾಲ್ಕನೆಯ ಪಂಚಾಯಿತಿಯ ಘಟಕದಲ್ಲಿ ಎರಡು ದಿನ ಇರಲಿ. ಬೆಳಗಿನ ವಾಹನದಲ್ಲಿ ಜೊತೆಗೆ ಹೋಗಲಿ, ತೂಕದ ಪುಸ್ತಕ, ಶುಲ್ಕದ ರಸೀತಿ, ಗೌರವಧನ ಪಾವತಿಯ ದಿನಾಂಕಗಳನ್ನು ನೋಡಲಿ. ಕಂಡದ್ದನ್ನು ಎರಡು ಪುಟದಲ್ಲಿ ಬರೆದು ಸಾಮಾನ್ಯ ಸಭೆಗೆ ಕೊಡಲಿ. ಚಾಲಕಿಯನ್ನು ತಂಡದಿಂದ ಬಿಡಬೇಡಿ: ಯಾವ ಬೀದಿಯವರು ಬೇರ್ಪಡಿಸುವುದಿಲ್ಲ, ಯಾವ ಅಂಗಡಿಯವರು ಶುಲ್ಕ ಕೊಡುವುದಿಲ್ಲ ಎಂಬುದು ಗೊತ್ತಾಗುವುದು ಅವರ ಕಣ್ಣಿಗೆ.

ಅಧಿಕಾರದ ಹಂಚಿಕೆಗೆ ಇಲ್ಲಿಯದೇ ಒಂದು ನಿದರ್ಶನವಿದೆ. ಉತ್ತರ ಲಂಡನ್ನಿನ ಏಳು ಬರೋಗಳ (ನಗರದೊಳಗಿನ ಸ್ಥಳೀಯ ಆಡಳಿತ ವಿಭಾಗಗಳ) ಕಸದ ವಿಲೇವಾರಿಗೆ 1986ರಿಂದ ಒಂದು ಜಂಟಿ ಪ್ರಾಧಿಕಾರವಿದೆ. ಬರೋ ದೊಡ್ಡದಿರಲಿ ಸಣ್ಣದಿರಲಿ, ಪ್ರತಿಯೊಂದರಿಂದ ಇಬ್ಬರು ಸದಸ್ಯರು, ಒಟ್ಟು 14 ಜನ. ನಿಮ್ಮ ಸಮಿತಿಯಲ್ಲಿಯೂ ಖರ್ಚು ಪಾಲಿಗೆ ತಕ್ಕಂತೆ ಇದ್ದರೂ ಮತ ಸಮನಾಗಿರಲಿ.

ಪ್ರಶ್ನೆ ಕೇಳಿದವರು

ಮೂವರಿಗೂ ಮನಸಾರೆ ಧನ್ಯವಾದಗಳು. ಜಂಟಿ ಮಾರಾಟದಿಂದ ಆರಂಭಿಸುವ ಸಲಹೆಯನ್ನು ಮುಂದಿನ ಒಕ್ಕೂಟದ ಸಭೆಯಲ್ಲಿ ಇಡುತ್ತೇನೆ. ಶೆಡ್ಡಿನ ಚರ್ಚೆಯನ್ನು ಅದರ ಫಲ ನೋಡಿದ ಮೇಲೆ ಎತ್ತಿಕೊಳ್ಳುವುದು ಲೇಸೆಂದು ತೋರುತ್ತದೆ. ಸ್ಥಿರ ಖರ್ಚು ಮನೆಗಳ ಮೇಲೆ, ಆದಾಯ ತೂಕದ ಮೇಲೆ ಎಂಬ ಹಂಚಿಕೆ ನಮ್ಮ ಹೆಣ್ಣುಮಕ್ಕಳಿಗೂ ನ್ಯಾಯವಾಗಿ ಕಾಣುತ್ತದೆ, ಏಕೆಂದರೆ ಮಾಲು ಹೆಚ್ಚು ತರುವ ಶ್ರಮ ಅವರದು. ನಿವೃತ್ತ ಪಿಡಿಒ ಅವರಲ್ಲಿ ಇನ್ನೊಂದು ಕೇಳಬೇಕಿತ್ತು ಸರ್: ಯಾರೂ ಕೊಳ್ಳದ ಪೊಟ್ಟಣ ಮತ್ತು ಚಪ್ಪಲಿಗಳನ್ನು ಕೊನೆಗೆ ಎಲ್ಲಿಗೆ ಕಳುಹಿಸಬೇಕು?

ಉತ್ತರ 4: ನಿವೃತ್ತ ಪಿಡಿಒ, ಉಡುಪಿ ಜಿಲ್ಲೆ

ಮರುಬಳಕೆಗೆ ಬಾರದ, ಆದರೆ ಉರಿಯುವ ಗುಣವಿರುವ ಒಣ ಮಾಲನ್ನು ಸಿಮೆಂಟ್ ಕಾರ್ಖಾನೆಗಳ ಗೂಡುಗಳಿಗೆ ಇಂಧನವಾಗಿ ಕಳುಹಿಸುವುದು ಈಗಿನ ರೂಢಿ. ಇದರಿಂದ ಹಣ ಬರುವುದಿಲ್ಲ, ಸಾಗಣೆಯ ಖರ್ಚೇ ಬೀಳುತ್ತದೆ. ಒಂದು ಪಂಚಾಯತಿಗೆ ಅದು ಭಾರ, ನಾಲ್ಕರ ಮಾಲು ಬೇಲಾಗಿ ಕೂಡಿದಾಗ ಟನ್ನಿಗೆ ತಗಲುವ ಖರ್ಚು ಇಳಿಯುತ್ತದೆ. ದರ ಗೊತ್ತುಮಾಡುವಾಗಲೇ ವ್ಯಾಪಾರಿಗೆ ಒಂದು ಷರತ್ತು ಹಾಕಿ: ಬಾಟಲಿ, ರಟ್ಟು ಬೇಕೆಂದರೆ ಬೇಡದ ಮಾಲನ್ನೂ ಒಯ್ಯಬೇಕು, ಅದನ್ನು ಎಲ್ಲಿಗೆ ತಲುಪಿಸಿದರೆಂಬ ರಸೀತಿಯನ್ನು ತಿಂಗಳೊಳಗೆ ಕೊಡಬೇಕು. ರಸೀತಿಯಿಲ್ಲದೆ ಮುಂದಿನ ಲೋಡು ಬಿಡಬೇಡಿ. ಇಲ್ಲವಾದರೆ ನಿಮ್ಮ ಪೊಟ್ಟಣಗಳು ಇನ್ನೊಂದು ಪಂಚಾಯತಿಯ ಕೆರೆಯ ಅಂಗಳದಲ್ಲಿ ಬೀಳುವ ಸಾಧ್ಯತೆ ಇದೆ.