ಸಮಸ್ಯೆ: ಅರಿಯ ತಲೆಗೆ ಪೂಜೆಗೈದುದೈ ಪುರಮೆಲ್ಲಂ

ಮೇಷ್ಟ್ರು: ಈ ಸಲ ಜಪಾನಿಗೆ ಹೋಗೋಣ. ಕ್ಯೋಟೋ ಅರಮನೆಯ ಮೇಲೆ ತಿರುಗಿಬಿದ್ದು, 939ರಲ್ಲಿ ‘ಹೊಸ ಚಕ್ರವರ್ತಿ’ ಎಂದು ಹೇಳಿಕೊಂಡ ತೈರ ವಂಶದ ಮಸಕಾದೋನ ಕತೆ. ಎರಡೇ ತಿಂಗಳಲ್ಲಿ ತಲೆ ಹೋಯಿತು. ಮೇಲಿನ ಸಾಲು ಕೊನೆಗೆ ಬರುವಂತೆ ಕಂದಪದ್ಯ ಕಟ್ಟಿ ಸಮಸ್ಯೆ ಬಿಡಿಸಿ.

ಪ್ರಾಸಪ್ರಿಯ:
ತರಿದೊಡೆ ಮಸಕಾದೋವಂ
ದೊರೆ ನಲಿದಂ ಬಳಿಕ ನೂರು ವರುಷಂ ಕಳೆಯಲ್ |
ಪೊರೆವಂ ದೇವಂ ತಾನೆನೆ
ಅರಿಯ ತಲೆಗೆ ಪೂಜೆಗೈದುದೈ ಪುರಮೆಲ್ಲಂ ||

ತುಂಗಾತೀರ: ಚೆನ್ನಾಗಿದೆ.

ಗಣಪಾಠಿ: ‘ತರಿ’ಯಲ್ಲಿರುವುದು ಹಳಗನ್ನಡದ ಶಕಟರೇಫ ಱ, ಸಾದಾ ರಕಾರದ ಜೊತೆ ಪ್ರಾಸಕ್ಕೆ ಬಾರದು. ಹೋದ ಯುಗಾದಿಗೂ ಹೇಳಿದ್ದೆ.

ಪ್ರಾಸಪ್ರಿಯ: ಈಗ ಯಾರ ಬಾಯಲ್ಲಿ ಉಳಿದಿದೆ ಆ ಱ?

ಗಣಪಾಠಿ: ‘ಕಳೆಯಲ್’ನಂಥ ಹಳೆಯ ರೂಪ ಬೇಕು, ಱ ಮಾತ್ರ ಬೇಡ, ಅಲ್ವಾ? ಅದಿರಲಿ, ಹೆಸರನ್ನು ಯಾಕೆ ಎಳೆದಿರಿ? ಜಪಾನಿಯಲ್ಲೂ ಹ್ರಸ್ವ ದೀರ್ಘ ಬೇರೆ ಬೇರೆ. ಮ-ಸ-ಕ-ದೊ. ನಾಲ್ಕೂ ಲಘು. ಕಂದದ ಆರನೆಯ ಗಣ, ಅಂದರೆ ನಾಲ್ಕು ಮಾತ್ರೆಯ ತುಂಡು, ನಾಲ್ಕೂ ಲಘುವಾಗಿರಬಹುದು; ಅದಕ್ಕೆ ಹೇಳಿ ಮಾಡಿಸಿದ ಹೆಸರು.

ಪ್ರಾಸಪ್ರಿಯ: ಮೇಷ್ಟ್ರೇ ಎಳೆದಿದ್ದಾರೆ. ಅವರನ್ನು ಕೇಳಿ.

ಮೇಷ್ಟ್ರು: ನಾನು ಎಳೆದದ್ದು ಗದ್ಯದಲ್ಲಿ. ಪದ್ಯದಲ್ಲಿ ಎಳೆದರೆ ಎರಡು ಮಾತ್ರೆ ಪುಕ್ಕಟೆ ಸಿಕ್ಕ ಹಾಗಾಯಿತು.

ತುಂಗಾತೀರ: ‘ನೂರು ವರುಷ’ ಸಾಲದು. ಅವನನ್ನು ಗುಡಿಯಲ್ಲಿ ದೇವರಾಗಿ ಕೂರಿಸಿದ್ದು 1309ರಲ್ಲಿ. ಆಮೇಲೆ ಎಡೋ (ಇಂದಿನ ಟೋಕಿಯೊ) ಊರನ್ನೇ ಕಾಯುವ ದೇವರಾದ. ಚಕ್ರವರ್ತಿ ಆ ಊರಿಗೇ ಬಂದು ನೆಲೆಸಿದ ಮೇಲೆ, 1874ರಲ್ಲಿ, ‘ಅರಮನೆಯ ಅರಿ’ ಅಂತ ಮುಖ್ಯ ಗುಡಿಯಿಂದ ಹೊರಗಿಟ್ಟರು! ಮತ್ತೆ ಒಳಗೆ ತಂದದ್ದು 1984ರಲ್ಲಿ. ಊರಿನವರಿಗೆ ಅವನು ಎಂದೂ ಅರಿ ಅಲ್ಲ. ಸಮಸ್ಯೆಯ ಕೀಲು ಇರುವುದು ಅಲ್ಲೇ. ಟೋಕಿಯೊದ ಓಟೆಮಾಚಿಯ ದೊಡ್ಡ ದೊಡ್ಡ ಕಚೇರಿಗಳ ನಡುವೆ ಅವನ ತಲೆಯ ಸಮಾಧಿಯನ್ನು ಇವತ್ತಿಗೂ ಉಳಿಸಿಕೊಂಡಿದ್ದಾರೆ.

ಗಣಪಾಠಿ: ನನ್ನದು.
ತಿರುಗಿತು ಗಾಳಿಯು, ಬಾಣಂ
ಶಿರಮಂ ತಾಗಲ್ ಮಸಕದೊ ಮಡಿದಂ ಕಣದೊಳ್ |
ಪೊರೆವಂ ಕಂದದೊಳಿರ್ದೆನೆ
ಅರಿಯ ತಲೆಗೆ ಪೂಜೆಗೈದುದೈ ಪುರಮೆಲ್ಲಂ ||
ಗಾಳಿ ನಾನು ಕಟ್ಟಿದ್ದಲ್ಲ. ಮೊದಲು ಅವನ ಬೆನ್ನಿಗಿದ್ದ ಗಾಳಿ ಕೊನೆಗೆ ಮುಖಕ್ಕೆ ತಿರುಗಿತು ಅಂತ ಅಲ್ಲಿಯ ಹಳೆಯ ಯುದ್ಧಕಥನದಲ್ಲೇ ಇದೆ. ಗುಡಿ ಇರುವ ಜಾಗದ ಹೆಸರು ಕಂದ.

ಮೇಷ್ಟ್ರು: ಕಂದದೊಳಗೆ ಕಂದ! ಒಪ್ಪಿದೆ.

ಪ್ರಾಸಪ್ರಿಯ: ಒಪ್ಪುವ ಮೊದಲು ನೋಡಿ ಮೇಷ್ಟ್ರೇ. ನಾಲ್ಕೂ ಲಘು, ಸರಿ. ಆಗ ಮೊದಲ ಲಘುವಿನ ಮೇಲೆ ಪದ ಮುಗಿದು ಬರಬೇಕಾದ ಯತಿ, ಅಂದರೆ ನಿಲುಗಡೆ, ಎಲ್ಲಿ? ‘ಮ’ ಒಂದು ಕಡೆ, ‘ಸಕದೊ’ ಇನ್ನೊಂದು ಕಡೆ.

ಗಣಪಾಠಿ: ಯತಿ ದಾಟುವುದು ಕನ್ನಡದ ಹಳೆಯ ಹಕ್ಕು.

ಪ್ರಾಸಪ್ರಿಯ: ಱಕ್ಕೆ ಕಾಯಿದೆ, ಯತಿಗೆ ಹಕ್ಕು? ‘ತರಿದೊಡೆ’ ತೆಗೆದು ‘ಅರಿದೊಡೆ’ ಹಾಕಿದ್ದೇನೆ. ಕಡಿ ಅನ್ನುವ ಅರ್ಥದ ‘ಅರಿ’ಗೆ ಸಾದಾ ರೇಫವೇ. ಈಗ ನಿಮ್ಮ ಯತಿ ತಿದ್ದಿ.