407 ಹಿಂದಿನ ಆಕ್ಸಲ್: ಯು ಬೋಲ್ಟ್ ನಟ್ ಬಿಚ್ಚಲು ಆಗುತ್ತಿಲ್ಲ

ಪ್ರಶ್ನೆ (ಭಾಗಮಂಡಲ):
ಅಪ್ಪ ತೆಗೆದುಕೊಂಡ ಹಳೇ ಟಾಟಾ 407 ಇದು. ಮಳೆಗಾಲವಿಡೀ ತೋಟದ ಕೆಸರಲ್ಲೇ ಓಡಾಟ, ಪೊಟ್ಯಾಶ್ ಮೂಟೆಯೂ ಅದರಲ್ಲೇ. ಈಗ ಕಮಾನು ಪಟ್ಟಿಯನ್ನು (ಲೀಫ್ ಸ್ಪ್ರಿಂಗ್) ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ನಟ್‌ಗಳಿಗೆ ತುಕ್ಕು ಹಿಡಿದು ಒಂದೂ ಅಲ್ಲಾಡುತ್ತಿಲ್ಲ. ಸ್ಪ್ಯಾನರ್‌ಗೆ ಪೈಪ್ ಹಾಕಿ ಎಳೆದೆ, ಒಂದು ನಟ್‌ನ ಮೂಲೆಯೇ ಸವೆದುಹೋಯಿತು. ಗಾಡಿ ಗುಜರಿಗೆ ಹಾಕಲು ಮನಸ್ಸಿಲ್ಲ. ಏನು ಮಾಡಲಿ?

ಉತ್ತರ (ಸೋಮವಾರಪೇಟೆ, ಮೆಕ್ಯಾನಿಕ್):
ಅಣ್ಣಾ, ಪೈಪ್ ಬಿಡಿ. ವೈರ್ ಬ್ರಶ್‌ನಲ್ಲಿ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹೊಡೆದು ಒಂದು ರಾತ್ರಿ ಬಿಡಿ. ಆಮೇಲೂ ಬಾರದಿದ್ದರೆ ಸುಮ್ನೆ ಒದ್ದಾಡಬೇಡಿ, ಗ್ರೈಂಡರ್‌ನಲ್ಲಿ ನಟ್ ಕತ್ತರಿಸಿ. ಬಿಚ್ಚಿದ ಯು ಬೋಲ್ಟ್ ಹೇಗೂ ಮತ್ತೆ ಹಾಕಬಾರದು, ಬಿಗಿದಾಗಲೇ ಅದು ಹಿಗ್ಗಿರುತ್ತದೆ. ಗ್ಯಾಸ್ ಬೆಂಕಿ ಮಾತ್ರ ಖಂಡಿತ ಬೇಡ. ಕಮಾನು ಪಟ್ಟಿಯ ಹದ ಹೋದರೆ ಲೋಡಿನಲ್ಲಿ ಮುರಿಯುತ್ತದೆ. ಬ್ರೇಕ್ ಪೈಪೂ ಹತ್ತಿರವೇ ಅಲ್ವಾ?

ಉತ್ತರ (ವಿರಾಜಪೇಟೆ):
ಜಾಕ್ ನಂಬಿ ಅಡಿಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಒಂದು ಬದಿ ಮುಗಿಸಿಯೇ ಇನ್ನೊಂದು. ಕಮಾನು ಪಟ್ಟಿಗಳನ್ನು ಒಟ್ಟಿಗೆ ಹಿಡಿಯುವ ಸೆಂಟರ್ ಬೋಲ್ಟ್ ತಲೆ ಆಕ್ಸಲ್ ಮೇಲಿನ ತೂತಿನಲ್ಲಿ ಕೂರಬೇಕು, ಇಲ್ಲದಿದ್ದರೆ ಆಕ್ಸಲ್ ಓರೆಯಾಗುತ್ತದೆ. ನಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಪ್ರಶ್ನೆ ಕೇಳಿದವರು:
ಎಂಟರಲ್ಲಿ ಐದು ಎಣ್ಣೆಗೇ ಬಂದವು, ಮೂರನ್ನು ಕತ್ತರಿಸಿದೆ. ಹೊಸ ಬೋಲ್ಟ್ ಹಾಕಿದ್ದೇನೆ. ತುಂಬಾ ಥ್ಯಾಂಕ್ಸ್. ಲೋಡ್ ಹಾಕಿ ಮಡಿಕೇರಿಗೆ ಹೋಗಿಬಂದು ಮತ್ತೊಮ್ಮೆ ಬಿಗಿಯುತ್ತೇನೆ.