ಉಪ್ಪುನೀರಿನ ಅಕ್ವೇರಿಯಂ: ನಮ್ಮ ಕಡೆ ಸಾಕಿದವರು ಯಾರಿದ್ದೀರಿ?

ಪ್ರಶ್ನೆ, ಚಿಕ್ಕಮಗಳೂರಿನಿಂದ: 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಟ್ಯಾಂಕ್ ಖಾಲಿ ಇದೆ. ಇದುವರೆಗೆ ಗೋಲ್ಡ್ ಫಿಶ್ ಇತ್ತು. ಈಗ ಸಮುದ್ರದ ಮೀನು ಸಾಕುವ ಆಸೆ. ಮಗಳಿಗೆ ಕ್ಲೌನ್ ಮೀನೂ ಬೇಕು, ಬ್ಲೂ ಟ್ಯಾಂಗೂ ಬೇಕು. ಮಂಗಳೂರಿನಿಂದ ಸಮುದ್ರದ ನೀರನ್ನೇ ತಂದರೆ ಆಗುತ್ತಾ?

ಹಾಸನದಿಂದ: ಸರ್, ನಿಮ್ಮ ಟ್ಯಾಂಕಿಗೆ ಹೆಚ್ಚುಕಡಿಮೆ 190 ಲೀಟರ್ ಬೇಕು. ಅಷ್ಟನ್ನು ಚಾರ್ಮಾಡಿ ಘಾಟಿ ಹತ್ತಿಸುವವರು ಯಾರು? ಮಳೆಗಾಲದಲ್ಲಂತೂ ನೇತ್ರಾವತಿ, ಗುರುಪುರ ಹೊಳೆಗಳ ಕೆಂಪು ನೀರು ಸೇರಿ ದಡದ ಹತ್ತಿರ ಉಪ್ಪೇ ಕಮ್ಮಿ ಆಗಿರುತ್ತದೆ. ಆರ್‌ಒ ನೀರಿಗೆ ಮರೀನ್ ಸಾಲ್ಟ್ (ಅಕ್ವೇರಿಯಂಗೆಂದೇ ಮಾಡಿದ ಸಮುದ್ರದ ಉಪ್ಪಿನ ಮಿಶ್ರಣ) ಬೆರೆಸಿ. ಲೀಟರಿಗೆ ಸುಮಾರು 35 ಗ್ರಾಂ, ಮೊದಲ ಸಲಕ್ಕೆ ಆರೂವರೆ ಕೆಜಿ. ಅಡುಗೆ ಉಪ್ಪು ಬೇಡವೇ ಬೇಡ, ಮೀನಿಗೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರಲ್ಲಿ ಸಿಗಲ್ಲ. ನೀರಿನ ಉಪ್ಪಿನಂಶ ನೋಡುವ ರಿಫ್ರ್ಯಾಕ್ಟೋಮೀಟರಿನಲ್ಲಿ ಸಾಂದ್ರತೆ 1.025ರ ಆಸುಪಾಸು ಬರಬೇಕು. ಮುಂದೆ ನೀರು ಆರಿ ಮಟ್ಟ ಇಳಿದಾಗ ಬರೀ ಆರ್‌ಒ ನೀರು ಹಾಕಿ. ಆರುವುದು ನೀರು ಮಾತ್ರ, ಉಪ್ಪು ಒಳಗೇ ಇರುತ್ತದೆ.

ಸಕಲೇಶಪುರದಿಂದ: ಅಣ್ಣಾ, ಮೀನಿಗಿಂತ ಮೊದಲು ಕರೆಂಟ್ ಯೋಚನೆ ಮಾಡಿ. ನಮ್ಮಲ್ಲಿ ಲೈನ್ ಮೇಲೆ ಮರ ಬಿದ್ದರೆ ಯಾವಾಗ ಬರುತ್ತೆ ಅಂತ ಲೈನ್‌ಮನ್‌ಗೂ ಗೊತ್ತಿರಲ್ಲ. ಪಂಪ್ ನಿಂತರೆ ಮೀನಿಗೆ ಉಸಿರು ಕಟ್ಟುತ್ತದೆ, ಬ್ಯಾಟರಿಯ ಏರ್ ಪಂಪ್ ಒಂದು ಇರಲಿ. ನೀರು 24–27 ಡಿಗ್ರಿ ಇರಬೇಕು, ಹಾಗಾಗಿ ಡಿಸೆಂಬರ್ ಚಳಿಗೆ ಹೀಟರ್ ಬೇಕೇ ಬೇಕು. ಆದರೆ ಅದನ್ನು ಇನ್ವರ್ಟರಿಗೆ ಹಾಕಿದರೆ ಬ್ಯಾಟರಿ ಬೇಗ ಖಾಲಿ. ಕರೆಂಟ್ ಇಲ್ಲದ ರಾತ್ರಿ ಟ್ಯಾಂಕಿಗೆ ಕಂಬಳಿ ಸುತ್ತಿ. ಇನ್ನೊಂದು, ಗಾಜಿನ ಅಂಚಿನಲ್ಲಿ, ವೈರಿನ ಮೇಲೆ ಬಿಳಿ ಉಪ್ಪು ಹರಳುಗಟ್ಟುತ್ತಾ ಪ್ಲಗ್ ಕಡೆಗೆ ಹೋಗುತ್ತದೆ. ಆಗಾಗ ಒದ್ದೆ ಬಟ್ಟೆಯಲ್ಲಿ ಒರೆಸಿ. ವೈರನ್ನು ಪ್ಲಗ್‌ಗಿಂತ ಕೆಳಗೆ ಜೋತುಬಿಟ್ಟು ಮೇಲೆ ತನ್ನಿ, ಹನಿ ಅಲ್ಲೇ ಬಿದ್ದುಹೋಗುತ್ತದೆ.

ಚಿಕ್ಕಮಗಳೂರಿನಿಂದಲೇ ಇನ್ನೊಬ್ಬರು: ಬ್ಲೂ ಟ್ಯಾಂಗ್ ಆಸೆ ಬಿಟ್ಟುಬಿಡಿ ಸರ್. ಅದು ಒಂದಡಿವರೆಗೂ ಬೆಳೆಯುವ ಮೀನು, 3 ಅಡಿಯಲ್ಲಿ ಎಲ್ಲಿ ಈಜಬೇಕು? ಒಂದು ಜೋಡಿ ಕ್ಲೌನ್ ಸಾಕು. ಫಾರಂನಲ್ಲಿ ಮರಿ ಮಾಡಿದ್ದನ್ನೇ ಕೇಳಿ ತಗೊಳ್ಳಿ, ಅವು ಕಾಳಿನಂತಿರುವ ಮೀನಿನ ಆಹಾರವನ್ನು (ಪೆಲೆಟ್) ತಕರಾರಿಲ್ಲದೆ ತಿನ್ನುತ್ತವೆ. ಆದರೆ ಮೀನು ಬರುವ ಮೊದಲು 4–6 ವಾರ ಟ್ಯಾಂಕ್ ಓಡಬೇಕು. ಮೀನಿನ ಗಲೀಜಿನಿಂದ ಬರುವ ವಿಷವೇ ಅಮೋನಿಯಾ. ಮೀನಿಲ್ಲದಾಗಲೇ ಅದನ್ನು ಚೂರು ಹಾಕಿ ಶುರು ಮಾಡಿ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಕಲ್ಲು, ಮರಳಿನಲ್ಲಿ ಬೆಳೆಯುತ್ತವೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ಅದರಿಂದಾಗುವ ನೈಟ್ರೈಟ್ ಎರಡೂ ಸೊನ್ನೆ ತೋರಿಸಲಿ. ಅಂಗಡಿಯವರು ಮೀನು ಇವತ್ತೇ ಬಿಡಿ ಅಂದರೆ ಸುಮ್ನೆ ನಕ್ಕು ಬನ್ನಿ. ಕಡಲಿನಿಂದ ಕಿತ್ತ ಹವಳ, ಕಡಲುಕುದುರೆ ಯಾರು ಕೊಟ್ಟರೂ ಬೇಡ, 1972ರ ವನ್ಯಜೀವಿ ಕಾಯ್ದೆ ಇದೆ.

ಮತ್ತೆ, ಗೋಲ್ಡ್ ಫಿಶ್ ನೀರನ್ನು ಗಿಡಕ್ಕೆ ಹಾಕುತ್ತಿದ್ದಿರಿ ಅಲ್ವಾ? ಈ ಉಪ್ಪುನೀರನ್ನು ಹಾಗೆ ಹಾಕಬೇಡಿ, ಬಚ್ಚಲಿಗೇ ಹೋಗಲಿ.